ಅಜ್ಜನ ಗೋಡೆ ಎಷ್ಟು ಎಂಬಿ?

2022ರ ಸೆಪ್ಟೆಂಬರ್ ಮೊದಲ ವಾರ. ಮಲಪ್ರಭಾ ದಂಡೆಯ ಒಂದೂರಿನಿಂದ ಅಜ್ಜ ಒಬ್ಬರು ಬೆಳಗಿನ ಬಸ್ಸಿಗೆ ಬಂದು, ನಾವು ಕೂರುವ ಝೆರಾಕ್ಸ್ ಅಂಗಡಿಯ ಕಟ್ಟೆ ಮೇಲೆ ಕುಳಿತಿದ್ದರು. ಕೈಯಲ್ಲೊಂದು ಪ್ಲಾಸ್ಟಿಕ್ ಚೀಲ. ಅದರೊಳಗೆ ಹಳೆಯ ಅರ್ಜಿ, ಆಧಾರ್ ಝೆರಾಕ್ಸ್, ಮನೆಯ ಉತಾರ.

"ತಮ್ಮಾ, ಹೊಳಿ ಬಂದಾಗ ನೀವು ನಮ್ಮ ಮನಿಗೆ ಬಂದಿದ್ರಿ. ಹಿತ್ತಲ ಗ್ವಾಡಿ ಬಿದ್ದದ್ದು ನೋಡಿದ್ರಿ, ಬರಕೊಂಡ್ರಿ. ಅದನ್ನ ಒಂದೀಟು ತಗದು ಕೊಡ್ರಿ" ಅಂದರು.

ನಮಗೆ ನೆನಪಿತ್ತು. 2019ರ ಆಗಸ್ಟ್‌ನಲ್ಲಿ ಮಲಪ್ರಭೆ ಉಕ್ಕಿ ರೋಣ, ನರಗುಂದ ಕಡೆಯ ಊರುಗಳಿಗೆ ನುಗ್ಗಿದಾಗ ನಮ್ಮಲ್ಲಿಬ್ಬರು ಅವರ ಊರಿಗೆ ಹೋಗಿದ್ದೆವು. ಆ ವರ್ಷ ಬಿದ್ದ ಮನೆಗಳನ್ನು 'ಎ', 'ಬಿ', 'ಸಿ' ಎಂದು ವಿಂಗಡಿಸಿ ಪರಿಹಾರ ಕೊಡಲಾಗಿತ್ತು. ಪೂರ್ತಿ ಬಿದ್ದ ಮನೆಗೆ 5 ಲಕ್ಷ ರೂಪಾಯಿ. ಅಜ್ಜನ ಮನೆ 'ಸಿ'ಗೆ ಸೇರಿತ್ತು. ಮುಂದಿನ ಗೋಡೆ ನಿಂತೇ ಇತ್ತು, ಹಿಂದಿನದು ನೆಲ ಕಂಡಿತ್ತು. ಮೂರು ವರ್ಷದಿಂದ ಅವರು ಹೇಳುತ್ತಿದ್ದದ್ದು ಅದನ್ನೇ.

ಮೊಬೈಲ್ ತೆಗೆದು ನಮ್ಮ ಖಾತೆಯಲ್ಲಿ ಅವರ ಊರಿನ ಹೆಸರು ಹಾಕಿ ಹುಡುಕಿದೆವು. 2020ರದು ಬಂತು. 2021ರದು ಬಂತು. 2019ರದು ಒಂದೂ ಇಲ್ಲ.

ಇಲ್ಲದಿರಲು ಕಾರಣ ನಾವೇ. ಮೂರು ವಾರದ ಹಿಂದೆ, ಜಾಗ ಸಾಲದು ಎಂದು ನಾವೇ ಕೂಡಿ ಅಳಿಸಿದ್ದೆವು. ಅದು ಹೇಗಾಯಿತು, ಅಳಿಸುವ ಮೊದಲು ಏನು ನೋಡಬೇಕಿತ್ತು ಎಂಬುದನ್ನು ಈಗ ಬಿಚ್ಚಿ ಹೇಳುತ್ತೇವೆ. ನಿಮ್ಮ ಸಂಘದ ಲೆಕ್ಕವೋ, ಹಾಲಿನ ಡೇರಿಯ ಲೆಕ್ಕವೋ ಈಗ ಕಂಪ್ಯೂಟರಿನಲ್ಲೇ ಇರುತ್ತದೆ. ಕೈಯಲ್ಲಿರುವ ಫೋನಿನಲ್ಲೂ ಇದೇ ಕತೆ ನಡೆಯುತ್ತದೆ. ಹಾಗಾಗಿ ಇದು ನಮ್ಮದೊಂದೇ ಗೋಳಲ್ಲ.

ಖಾತೆ ಶುರುವಾದದ್ದು

ನಾವು ಐದು ಜನ. ಎಲ್ಲರೂ ಪತ್ರಿಕೋದ್ಯಮದ ಡಿಪ್ಲೊಮಾ ಮುಗಿಸಿ ಬೇರೆ ಬೇರೆ ತಾಲ್ಲೂಕಿನಲ್ಲಿ ಸ್ಟ್ರಿಂಗರ್ ಆದವರು. ಸುದ್ದಿ ಅಚ್ಚಾದರೆ ದುಡ್ಡು, ಇಲ್ಲದಿದ್ದರೆ ಪೆಟ್ರೋಲೂ ನಮ್ಮದೇ. ಹಾಗಾಗಿ ಒಬ್ಬರದು ಝೆರಾಕ್ಸ್ ಅಂಗಡಿ, ಇನ್ನೊಬ್ಬರದು ಮದುವೆ ಫೋಟೊ, ಮತ್ತೊಬ್ಬರು ವಿಮೆ ಏಜೆಂಟ್.

ಮೊದಲೆಲ್ಲ ಹಳ್ಳಿಯಲ್ಲಿ ಯಾರಾದರೂ ಹೇಳಿದ್ದನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುತ್ತಿದ್ದೆವು. ಹತ್ತು ಮಾತು ಬರೆದುಕೊಂಡರೆ ಪತ್ರಿಕೆಗೆ ಹೋಗುವುದು ಒಂದು. ಉಳಿದ ಒಂಬತ್ತು ನೋಟ್‌ಬುಕ್ಕಿನಲ್ಲೇ ಹಳತಾಗುತ್ತಿದ್ದವು. ನೋಟ್‌ಬುಕ್ ಮಳೆಯಲ್ಲಿ ನೆನೆಯುವುದು, ಮನೆಯವರು ರದ್ದಿಗೆ ಹಾಕುವುದು ಎಲ್ಲವೂ ಆಗಿತ್ತು.

2018ರ ಜೂನ್‌ನಲ್ಲಿ ಒಂದು ತೀರ್ಮಾನ ಮಾಡಿದೆವು. ಯಾರು ಏನೇ ಹೇಳಲಿ, ಎಲ್ಲರದ್ದೂ ಒಂದೇ ಖಾತೆಯಲ್ಲಿ ಬರೆದಿಡುವುದು. ನಮ್ಮ ಪರಿಚಯದ ಬಿಸಿಎ ಓದಿದ ಹುಡುಗನೊಬ್ಬ ಒಂದು ಫಾರ್ಮ್ ಮಾಡಿಕೊಟ್ಟ. ಫೋನಿನಲ್ಲೇ ತುಂಬಬಹುದು. ತಾರೀಖು, ಊರು, ಹೇಳಿದವರು, ಹೇಳಿದ ಮಾತು, ನಾವು ಯಾರನ್ನು ಕೇಳಿದೆವು, ಅವರೇನಂದರು, ಆಮೇಲೆ ಏನಾಯಿತು, ಫೋಟೊ ಇದ್ದರೆ ಅದರ ನಂಬರು. ಇಷ್ಟೂ ಒಂದು ಸಾಲು. ಇಂಥ ಸಾಲುಗಳನ್ನು ಜೋಡಿಸಿಡುವ ಜಾಗಕ್ಕೆ ಡೇಟಾಬೇಸ್ ಅನ್ನುತ್ತಾರೆ. ನಮ್ಮದು ಮೈಎಸ್‌ಕ್ಯೂಎಲ್ ಎಂಬ ಡೇಟಾಬೇಸ್. ಅದನ್ನಿಡಲು ಒಂದು ಕಂಪನಿಯಿಂದ ವರ್ಷದ ಬಾಡಿಗೆಗೆ ಜಾಗ ತೆಗೆದುಕೊಂಡೆವು. ಡೇಟಾಬೇಸಿಗೆ ಸಿಕ್ಕಿದ್ದು 1 ಜಿಬಿ, ಅಂದರೆ 1,024 ಎಂಬಿ.

ನಾಲ್ಕು ವರ್ಷದಲ್ಲಿ 11,800 ಸಾಲುಗಳಾದವು. ಬೋರ್‌ವೆಲ್ ಬತ್ತಿದ್ದು, ಉದ್ಯೋಗ ಖಾತ್ರಿಯ ಕೂಲಿ ಬಾರದ್ದು, ಶಾಲೆಯ ಛಾವಣಿ ಸೋರಿದ್ದು, 2020ರ ಲಾಕ್‌ಡೌನಿನಲ್ಲಿ ನಡೆದುಕೊಂಡು ಊರು ಸೇರಿದವರ ಹೆಸರು. ಎಲ್ಲವೂ ಅದರಲ್ಲಿತ್ತು.

ಜಾಗ ತುಂಬಿದ ರಾತ್ರಿ

2022ರ ಆಗಸ್ಟ್. ನಮ್ಮ ಕಡೆ ಹೆಸರು ಕೊಯ್ಲಿನ ಹೊತ್ತು, ಮಳೆ ಬಿಡುತ್ತಿಲ್ಲ. ಗಿಡದಲ್ಲೇ ಕಾಯಿ ಮೊಳಕೆ ಒಡೆಯುತ್ತಿತ್ತು. ಫಸಲ್ ವಿಮೆ ಮಾಡಿಸಿದವರು ಬೆಳೆಹಾನಿಯನ್ನು 72 ಗಂಟೆಯೊಳಗೆ ತಿಳಿಸಬೇಕು. ನಮ್ಮಲ್ಲೊಬ್ಬರು ಹೊಲದ ಬದುವಿನಲ್ಲೇ ನಿಂತು ರೈತರ ಹೆಸರು, ಸರ್ವೆ ನಂಬರು ತುಂಬುತ್ತಿದ್ದರು. ಫಾರ್ಮ್ ತಿರುಗಿತು, ತಿರುಗಿತು, ನಿಂತಿತು. ಸೇವ್ ಆಗಲಿಲ್ಲ.

ಕಂಪನಿಗೆ ಫೋನ್ ಮಾಡಿದೆವು. "ನಿಮ್ಮ ಡೇಟಾಬೇಸ್ ತುಂಬಿದೆ ಸರ್. ಹೊಸದು ಸೇರಿಸುವುದನ್ನು ನಿಲ್ಲಿಸಿದ್ದೇವೆ. ದೊಡ್ಡ ಪ್ಲಾನ್ ತಗೊಳ್ಳಿ, ಇಲ್ಲಾ ಹಳೆಯದು ಡಿಲೀಟ್ ಮಾಡಿ" ಅಂದರು. ದೊಡ್ಡ ಪ್ಲಾನಿನ ಬಾಡಿಗೆ ಮೂರು ಪಟ್ಟು. ಅಷ್ಟು ದುಡ್ಡು ಆ ರಾತ್ರಿ ಐವರ ಜೇಬು ಸೇರಿಸಿದರೂ ಇರಲಿಲ್ಲ.

ಒಂಬತ್ತು ಗಂಟೆಗೆ ಐವರೂ ಫೋನಿನಲ್ಲೇ ಸಭೆ ಮಾಡಿದೆವು.

"ಹಳೇದು ತಗದು ಬಿಡೋಣು. 2018, 2019 ಈಗ ಯಾರಿಗೆ ಬೇಕು?"

"ಬ್ಯಾಕಪ್ ಐತೇನು?"

"ಪೆನ್‌ಡ್ರೈವ್‌ನಾಗ ಐತಿ."

ಎಲ್ಲರೂ ಹೂಂ ಅಂದೆವು. ಯಾರ ಪೆನ್‌ಡ್ರೈವ್, ಯಾವ ತಾರೀಖಿನದು ಎಂದು ಒಬ್ಬರೂ ಕೇಳಲಿಲ್ಲ. ಜಾಗ ತಿಂದದ್ದು ನಿಜವಾಗಿ ಆ ಹಳೆಯ ಸಾಲುಗಳೇನಾ ಎಂದೂ ಕೇಳಲಿಲ್ಲ. ತುಂಬಿದೆ ಅಂದರೆ ನಾವು ಬರೆದದ್ದೇ ತುಂಬಿರಬೇಕು ಎಂದುಕೊಂಡೆವು. ಮನೆಯಲ್ಲಿ ಜಾಗ ಸಾಲದಿದ್ದರೆ ಮೊದಲು ಹೊರಗೆ ಹೋಗುವುದು ಹಳೆಯ ಪೆಟ್ಟಿಗೆ ತಾನೆ.

4,300 ಸಾಲು ಅಳಿಸಿದೆವು. ಜಾಗ ಎಷ್ಟಾಯಿತು ಎಂದು ನೋಡಿದೆವು. ಮೊದಲು 1,016 ಎಂಬಿ ಇತ್ತು. ಅಳಿಸಿದ ಮೇಲೂ 1,016 ಎಂಬಿ!

ಒಬ್ಬರು 2020ರದನ್ನೂ ತೆಗೆಯೋಣ ಅಂದರು. ಅದರಲ್ಲಿ ನಡೆದು ಬಂದವರ ಹೆಸರುಗಳಿದ್ದವು. ಇನ್ನೊಬ್ಬರು, "ನಿಂದರ್ರಿ, ಇಷ್ಟು ತಗದರೂ ಒಂದು ಎಂಬಿ ಕಮ್ಮಿ ಆಗಿಲ್ಲ ಅಂದ್ರ ಏನೋ ತಪ್ಪೈತಿ" ಅಂದರು. ಆ ಮಾತಿನಿಂದ 2020 ಉಳಿಯಿತು.

ತೂಕ ನೋಡುವುದು

ಮರುದಿನ ಬೆಳಿಗ್ಗೆ ಬಿಸಿಎ ಹುಡುಗ ಫೋನಿಗೆ ಸಿಕ್ಕ. ಈಗ ಬೆಂಗಳೂರಿನಲ್ಲಿ ಕೆಲಸ. ಎಲ್ಲ ಕೇಳಿ ಸ್ವಲ್ಪ ಹೊತ್ತು ಸುಮ್ಮನಿದ್ದು, "ಅಣ್ಣಾ, ಅಳಿಸೋಕಿಂತ ಮೊದಲು ಯಾವ ಟೇಬಲ್ ಎಷ್ಟು ತಿಂದೈತಿ ಅಂತ ನೋಡಬೇಕಿತ್ತಲ್ಲ" ಅಂದ. ಆಮೇಲೆ ಫೋನಿನಲ್ಲೇ ಒಂದೊಂದಾಗಿ ತೋರಿಸಿಕೊಟ್ಟ.

ಡೇಟಾಬೇಸ್ ಎಂದರೆ ಒಂದೇ ದೊಡ್ಡ ಚೀಲ ಅಲ್ಲ. ಅದರೊಳಗೆ ಹಲವು ಟೇಬಲ್‌ಗಳಿರುತ್ತವೆ. ಒಂದೊಂದು ಟೇಬಲ್ ಒಂದೊಂದು ರಿಜಿಸ್ಟರ್ ಇದ್ದ ಹಾಗೆ. ಬಾಡಿಗೆ ಜಾಗ ಕೊಡುವವರಲ್ಲಿ ಹೆಚ್ಚಿನವರು ಪಿಎಚ್‌ಪಿಮೈಅಡ್ಮಿನ್ ಎಂಬ ಪುಟ ಕೊಟ್ಟಿರುತ್ತಾರೆ. ಅದನ್ನು ತೆರೆದು ಎಡಗಡೆ ಡೇಟಾಬೇಸಿನ ಹೆಸರು ಒತ್ತಿದರೆ ಟೇಬಲ್‌ಗಳ ಪಟ್ಟಿ ಬರುತ್ತದೆ. ಬಲಕ್ಕೆ ಸರಿಸಿದರೆ 'ಸೈಜ್' ಎಂಬ ಕಾಲಂ. ಯಾವ ಟೇಬಲ್ ಎಷ್ಟು ಎಂಬಿ ಎಂದು ಅಲ್ಲಿದೆ, ಕೆಳಗೆ ಒಟ್ಟು ಮೊತ್ತವೂ ಇದೆ. ಆ ಕಾಲಮಿನ ತಲೆ ಮೇಲೆ ಒತ್ತಿದರೆ ದೊಡ್ಡದು ಮೇಲಕ್ಕೆ ಬರುತ್ತದೆ.

ಆ ಪುಟ ಇಲ್ಲದಿದ್ದರೂ ದಾರಿಯಿದೆ. ಮೈಎಸ್‌ಕ್ಯೂಎಲ್ ತನ್ನ ಎಲ್ಲ ಟೇಬಲ್‌ಗಳ ಲೆಕ್ಕವನ್ನು ತಾನೇ ಇನ್ನೊಂದು ಕಡೆ ಬರೆದಿಟ್ಟುಕೊಳ್ಳುತ್ತದೆ. ಅದಕ್ಕೆ ಇನ್ಫರ್ಮೇಶನ್ ಸ್ಕೀಮಾ ಎಂದು ಹೆಸರು. ಅದನ್ನು ಕೇಳಿದರೆ ಪ್ರತಿ ಟೇಬಲ್‌ಗೂ ಎರಡು ಅಂಕಿ ಕೊಡುತ್ತದೆ: ಡೇಟಾ ಎಷ್ಟು, ಇಂಡೆಕ್ಸ್ ಎಷ್ಟು. ಎರಡನ್ನೂ ಕೂಡಿಸಬೇಕು. ಉತ್ತರ ಬೈಟ್ ಲೆಕ್ಕದಲ್ಲಿ ಬರುತ್ತದೆ. 1,024ರಿಂದ ಒಮ್ಮೆ ಭಾಗಿಸಿದರೆ ಕೆಬಿ, ಇನ್ನೊಮ್ಮೆ ಭಾಗಿಸಿದರೆ ಎಂಬಿ.

ಇಂಡೆಕ್ಸ್ ಅಂದರೆ ಏನು? ಊರಿನ ಜಮೀನುಗಳೆಲ್ಲ ಸರ್ವೆ ನಂಬರಿನ ಪ್ರಕಾರ ಒಂದು ರಿಜಿಸ್ಟರಿನಲ್ಲಿವೆ ಅಂದುಕೊಳ್ಳಿ. ಹೆಸರು ಹಿಡಿದು ಹುಡುಕಬೇಕಾದರೆ ಪೂರ್ತಿ ರಿಜಿಸ್ಟರ್ ತಿರುವಬೇಕು. ಅದಕ್ಕೆಂದು ಹೆಸರಿನ ಪ್ರಕಾರ ಇನ್ನೊಂದು ಪಟ್ಟಿ ಮಾಡಿ, ಮುಂದೆ ಪುಟದ ನಂಬರು ಬರೆದಿಟ್ಟರೆ ಹುಡುಕುವುದು ಬೇಗ. ಆ ಎರಡನೆಯ ಪಟ್ಟಿಯೇ ಇಂಡೆಕ್ಸ್. ಕೆಲಸ ಹಗುರಾಗುತ್ತದೆ, ಆದರೆ ಅದಕ್ಕೂ ಜಾಗ ಬೇಕು.

ನಮ್ಮ ಡೇಟಾಬೇಸಿನಲ್ಲಿ ಕಂಡ ಲೆಕ್ಕ ಹೀಗಿತ್ತು:

ಜನರು ಹೇಳಿದ ಮಾತುಗಳ ಟೇಬಲ್: 27 ಎಂಬಿ.
ಊರು, ಹೆಸರುಗಳ ಟೇಬಲ್: 2 ಎಂಬಿ.
ತಿದ್ದುಪಡಿಗಳ ಟೇಬಲ್: 141 ಎಂಬಿ.
ಭೇಟಿ ಲಾಗ್ ಎಂಬ ಟೇಬಲ್: 846 ಎಂಬಿ.

ಆ ಕೊನೆಯದನ್ನು ನೋಡಿ ನಾವು ಕೇಳಿದೆವು, "ಇದು ಏನಪ್ಪಾ?"

ಹುಡುಗನಿಗೆ ಆಗ ನೆನಪಾಯಿತು. 2018ರಲ್ಲಿ ಫಾರ್ಮ್ ಸರಿಯಾಗಿ ನಡೆಯುತ್ತಿದೆಯೇ ಎಂದು ನೋಡಲು ಅವನೇ ಒಂದು ಲಾಗ್ ಹಾಕಿದ್ದ. ಯಾರು ಪುಟ ತೆರೆದರೂ ತಾರೀಖು, ಗಂಟೆ, ಯಾವ ಫೋನು, ಯಾವ ಬ್ರೌಸರ್ ಎಂದು ಒಂದು ಸಾಲು ಅದರಲ್ಲಿ ಬೀಳುತ್ತಿತ್ತು. ವಾರದಲ್ಲಿ ತೆಗೆಯಬೇಕೆಂದಿದ್ದವನು ಮರೆತ. ಮನುಷ್ಯರು ತೆರೆದದ್ದು ಸ್ವಲ್ಪ. ಹಗಲೂ ರಾತ್ರಿ ಇಂಟರ್ನೆಟ್ಟಿನಲ್ಲಿ ಸುತ್ತುವ ಸರ್ಚ್ ಎಂಜಿನ್ನುಗಳ ಬಾಟ್‌ಗಳು ತೆರೆದದ್ದೇ ಜಾಸ್ತಿ. ನಾಲ್ಕು ವರ್ಷ ಬಾಗಿಲಲ್ಲಿ ನಿಂತು "ಈಗೊಬ್ಬ ಬಂದ, ಈಗೊಬ್ಬ ಹೋದ" ಎಂದು ಬರೆದದ್ದೇ 846 ಎಂಬಿ. ಅದರಲ್ಲಿ 326 ಎಂಬಿ ಬರೀ ಇಂಡೆಕ್ಸ್. ಅದನ್ನು ಯಾರೂ ಒಮ್ಮೆಯೂ ತೆರೆದು ನೋಡಿರಲಿಲ್ಲ.

141 ಎಂಬಿಯ ತಿದ್ದುಪಡಿ ಟೇಬಲ್ ನಮ್ಮದೇ ಪ್ರತಾಪ. ಒಂದು ಅಕ್ಷರ ತಿದ್ದಿ ಸೇವ್ ಒತ್ತಿದರೂ ಹಳೆಯ ಸಾಲಿನ ಪೂರ್ತಿ ನಕಲು ಅಲ್ಲಿ ಹೋಗಿ ಕೂರುತ್ತಿತ್ತು. ಸೈಟು ಮಾಡಲು ಬಹಳ ಜನ ಬಳಸುವ ವರ್ಡ್‌ಪ್ರೆಸ್‌ನಲ್ಲೂ ಇಂಥದೇ ವ್ಯವಸ್ಥೆಯಿದೆ. ನೀವಾಗಿ ಮಿತಿ ಹಾಕದಿದ್ದರೆ ಒಂದು ಬರಹದ ನಕಲುಗಳು ಎಷ್ಟಾದರೂ ಸೇರುತ್ತಾ ಹೋಗುತ್ತವೆ.

ಮತ್ತೆ ನಾವು ಅಳಿಸಿದ 4,300 ಸಾಲು? ಲೆಕ್ಕ ಹಾಕಿದರೆ ಹತ್ತು ಎಂಬಿ. 1,016ರಲ್ಲಿ ಹತ್ತು. ನೂರಕ್ಕೆ ಒಂದು ಪಾಲು.

ಮಾತು ಹಗುರ

ಕನ್ನಡ ಬಹಳ ಜಾಗ ತಿನ್ನುತ್ತದೆ ಎಂದು ಒಬ್ಬರು ವಾದ ತೆಗೆದರು. ಅದು ಪೂರ್ತಿ ಸುಳ್ಳಲ್ಲ. ಈಗ ಎಲ್ಲ ಕಡೆ ನಡೆಯುವ ಯುಟಿಎಫ್-8 ಪದ್ಧತಿಯಲ್ಲಿ ಇಂಗ್ಲಿಷಿನ ಒಂದು ಅಕ್ಷರಕ್ಕೆ 1 ಬೈಟ್ ಸಾಕು. ಕನ್ನಡದಲ್ಲಿ ಅಕ್ಷರಕ್ಕೆ 3 ಬೈಟ್, ಅದರ ಮೇಲಿನ ಗುಣಿತದ ಚಿಹ್ನೆಗೆ ಮತ್ತೆ 3 ಬೈಟ್. 'ಮಳೆ' ಎಂದು ಬರೆದರೆ ಮ, ಳ, ಎತ್ವದ ಚಿಹ್ನೆ, ಒಟ್ಟು 9 ಬೈಟ್. 'ನೀರು' ಎಂದರೆ 12.

ಆದರೂ ಮಾತು ಹಗುರವೇ. ನಮ್ಮ ಖಾತೆಯ ಒಂದು ಸಾಲು ಸರಾಸರಿ 1,800 ಬೈಟ್ ಆಗುತ್ತದೆ. ಫೋನಿನಲ್ಲಿ ತೆಗೆದ ಒಂದು ಫೋಟೊ 3 ಎಂಬಿ ಇದ್ದರೆ, ಅದೇ ಜಾಗದಲ್ಲಿ ಇಂಥ 1,700 ಸಾಲು ಹಿಡಿಸುತ್ತವೆ. ಒಂದು ಫೋಟೊದ ಜಾಗದಲ್ಲಿ 1,700 ಜನರ ಅಹವಾಲು!

ಫೋಟೊಗಳು ನಮ್ಮ ಡೇಟಾಬೇಸಿನೊಳಗೆ ಇರಲಿಲ್ಲ. ಅವು ಬೇರೆ ಫೋಲ್ಡರಿನಲ್ಲಿದ್ದವು. ಹೆಚ್ಚಿನ ಕಡೆ ಹೀಗೇ ಮಾಡುತ್ತಾರೆ. ಡೇಟಾಬೇಸಿನಲ್ಲಿ ಇರುವುದು ಫೋಟೊದ ನಂಬರು ಮಾತ್ರ. ಈ ವಿಷಯ ಮುಂದೆ ಬರುತ್ತದೆ, ನೆನಪಿಟ್ಟುಕೊಳ್ಳಿ.

ಹಗೇವಿನ ಲೆಕ್ಕ

ಅಳಿಸಿದ ಮೇಲೂ ಅಂಕಿ ಇಳಿಯದ್ದು ಯಾಕೆ? ಹುಡುಗ ಹೇಳಿದ್ದನ್ನು ನಮ್ಮ ಕಡೆಯ ಹಗೇವಿನ ಲೆಕ್ಕದಲ್ಲಿ ಹೇಳುತ್ತೇವೆ.

ಹಿಂದೆ ಜೋಳವನ್ನು ನೆಲದೊಳಗೆ ಹಗೇವು ತೋಡಿ ತುಂಬಿಡುತ್ತಿದ್ದರು. ಹಗೇವಿನಿಂದ ಹತ್ತು ಚೀಲ ತೆಗೆದರೆ ಹಗೇವು ಸಣ್ಣದಾಗುತ್ತದೆಯೇ? ಇಲ್ಲ. ಒಳಗೆ ಖಾಲಿಯಾಗುತ್ತದೆ, ಅಷ್ಟೆ. ಮುಂದಿನ ಜೋಳ ಅದೇ ಖಾಲಿ ಜಾಗಕ್ಕೆ ಬೀಳುತ್ತದೆ. ಮೈಎಸ್‌ಕ್ಯೂಎಲ್‌ನ ಟೇಬಲ್ ಕೂಡ ಹಾಗೇ. ಸಾಲು ಅಳಿಸಿದರೆ ಫೈಲಿನೊಳಗೆ ಜಾಗ ಖಾಲಿ ಬೀಳುತ್ತದೆ, ಫೈಲು ಚಿಕ್ಕದಾಗುವುದಿಲ್ಲ. ಬಾಡಿಗೆ ಕಂಪನಿ ಅಳೆಯುವುದು ಹಗೇವನ್ನು, ಒಳಗಿನ ಜೋಳವನ್ನಲ್ಲ.

ಹಗೇವು ಚಿಕ್ಕದಾಗಬೇಕಾದರೆ ಹೊಸ ಹಗೇವು ತೋಡಿ ಇದ್ದ ಜೋಳವನ್ನು ಅದಕ್ಕೆ ಸುರಿದು ಹಳೆಯದನ್ನು ಮುಚ್ಚಬೇಕು. ಟೇಬಲ್‌ಗೆ ಈ ಕೆಲಸ ಮಾಡುವ ಆದೇಶ 'ಆಪ್ಟಿಮೈಜ್ ಟೇಬಲ್'. ಆದರೆ ಹೊಸದು ತೋಡುವಾಗ ಹಳೆಯದೂ ಇರುತ್ತದಲ್ಲ. ಸ್ವಲ್ಪ ಹೊತ್ತು ಎರಡಕ್ಕೂ ಜಾಗ ಬೇಕು. ಪೂರ್ತಿ ತುಂಬಿದ ಮೇಲೆ ಇದನ್ನು ಮಾಡಲು ಹೊರಟರೆ ಕೈಕೊಡುತ್ತದೆ. ನಮಗೂ ಮೊದಲು ಕೈಕೊಟ್ಟಿತು.

ಒಂದು ಟೇಬಲ್ ಪೂರ್ತಿಯೇ ಬೇಡವಾದರೆ 'ಟ್ರಂಕೇಟ್' ಎಂಬ ಇನ್ನೊಂದು ಆದೇಶವಿದೆ. ಅದು ಹಗೇವನ್ನೇ ಮುಚ್ಚಿ ಹೊಸದೊಂದು ಖಾಲಿಯದನ್ನು ಕೊಡುತ್ತದೆ. ಜಾಗ ತಕ್ಷಣ ಸಿಗುತ್ತದೆ, ಆದರೆ ಒಳಗಿದ್ದದ್ದು ಒಂದೂ ಉಳಿಯುವುದಿಲ್ಲ. ಟೇಬಲ್ ಹೆಸರನ್ನು ಮೂರು ಸಲ ಓದಿ ಒತ್ತುವ ಆದೇಶ ಇದು. ಭೇಟಿ ಲಾಗ್‌ಗೆ ಅದನ್ನು ಕೊಟ್ಟೆವು. ಒಂದೇ ಏಟಿಗೆ 846 ಎಂಬಿ ಖಾಲಿ. ಆಮೇಲೆ ಹಳೆಯ ತಿದ್ದುಪಡಿಗಳನ್ನು ಅಳಿಸಿ ಆ ಟೇಬಲ್‌ಗೂ, ಮಾತುಗಳ ಟೇಬಲ್‌ಗೂ ಆಪ್ಟಿಮೈಜ್ ಕೊಟ್ಟೆವು. 1,016 ಇದ್ದದ್ದು 38 ಎಂಬಿಗೆ ಬಂತು.

ಇಲ್ಲೊಂದು ಎಚ್ಚರಿಕೆ. ಇನ್ಫರ್ಮೇಶನ್ ಸ್ಕೀಮಾ ಕೊಡುವ ಅಂಕಿ ಅಂದಾಜಿನದು. ಮೈಎಸ್‌ಕ್ಯೂಎಲ್‌ನ 8ನೇ ಆವೃತ್ತಿ ಆ ಅಂಕಿಯನ್ನು ತೆಗೆದಿಟ್ಟುಕೊಂಡು, ಬದಲಾಯಿಸದೆ ಬಿಟ್ಟರೆ 24 ಗಂಟೆಯವರೆಗೂ ಅದನ್ನೇ ತೋರಿಸಬಹುದು. 'ಅನಲೈಜ್ ಟೇಬಲ್' ಆದೇಶ ಕೊಟ್ಟರೆ ಹೊಸ ಅಂಕಿ ಬರುತ್ತದೆ. ಅಳಿಸಿ, ಅಂಕಿ ಇಳಿಯಲಿಲ್ಲ ಎಂದು ಗಾಬರಿಯಾಗಿ ಮತ್ತೆ ಮತ್ತೆ ಅಳಿಸುತ್ತಾ ಹೋಗಬೇಡಿ. ನಾವು ಹೋಗುವವರಿದ್ದೆವು.

ನಿಮ್ಮಲ್ಲಿ ಯಾರಾದರೂ ಪೋಸ್ಟ್‌ಗ್ರೆಸ್ ಎಂಬ ಡೇಟಾಬೇಸ್ ಬಳಸುತ್ತಿದ್ದರೆ ಅದರಲ್ಲೂ ಇದೇ ನ್ಯಾಯ. ತೂಕ ಹೇಳುವುದಕ್ಕೆ ಅದರದೇ ಆದೇಶಗಳಿವೆ. ಅಳಿಸಿದ ಸಾಲಿನ ಜಾಗ ಅಲ್ಲೂ ತಾನಾಗಿ ಡಿಸ್ಕಿಗೆ ವಾಪಸು ಹೋಗುವುದಿಲ್ಲ. 'ವ್ಯಾಕ್ಯೂಮ್' ಕೊಟ್ಟರೆ ಆ ಜಾಗ ಮುಂದಿನ ಸಾಲುಗಳಿಗೆ ಉಪಯೋಗವಾಗುತ್ತದೆ, 'ವ್ಯಾಕ್ಯೂಮ್ ಫುಲ್' ಕೊಟ್ಟರೆ ಟೇಬಲ್ ಹೊಸದಾಗಿ ಬರೆಯಲ್ಪಟ್ಟು ಚಿಕ್ಕದಾಗುತ್ತದೆ.

ಪೆನ್‌ಡ್ರೈವ್‌ನಲ್ಲಿ ಇದ್ದದ್ದು

ಜಾಗ ಸಿಕ್ಕಿತು, ಫಾರ್ಮ್ ನಡೆಯಿತು. ಹೆಸರು ಬೆಳೆ ಹಾಳಾದವರ ಪಟ್ಟಿ ಅದೇ ದಿನ ತುಂಬಿದೆವು. ಅಳಿಸಿದ ಸಾಲುಗಳನ್ನು ಪೆನ್‌ಡ್ರೈವ್‌ನಿಂದ ವಾಪಸು ಹಾಕೋಣ ಎಂದೆವು. ನಾಳೆ ಎಂದೆವು. ಮೂರು ವಾರ ಹೋಯಿತು.

ಅಜ್ಜ ಬಂದದ್ದು ಆಗಲೇ.

ಅವರನ್ನು ಚಹಾ ಕುಡಿಯಲು ಕೂರಿಸಿ ಐವರಿಗೂ ಫೋನ್ ಹಚ್ಚಿದೆವು. "ಪೆನ್‌ಡ್ರೈವ್ ನಿಮ್ಮ ಹತ್ತಿರ ಅಲ್ಲೇನು?" "ಅಲ್ಲ, ನಿಮ್ಮ ಹತ್ತಿರಾನ." ಕೊನೆಗೆ ಅದು ಫೋಟೊ ತೆಗೆಯುವ ಗೆಳೆಯನ ಕ್ಯಾಮೆರಾ ಚೀಲದಲ್ಲಿ ಸಿಕ್ಕಿತು. ಒಳಗೆ ಬ್ಯಾಕಪ್ ಫೈಲು ಒಂದೇ ಒಂದು. ತಾರೀಖು ನೋಡಿದೆವು: 2019ರ ಆಗಸ್ಟ್ 3.

ಹೊಳೆ ಬಂದದ್ದು ಅದರ ಮರುವಾರ.

ಬಾಡಿಗೆ ಕಂಪನಿಯವರನ್ನು ಕೇಳಿದೆವು. ಅವರು ತಮ್ಮ ಬ್ಯಾಕಪ್ ಏಳು ದಿನ ಮಾತ್ರ ಇಡುತ್ತಾರೆ. ನಾವು ಕೇಳುವಷ್ಟರಲ್ಲಿ ಮೂರು ವಾರವಾಗಿತ್ತು.

ಆಗಸ್ಟ್ 3ರ ತನಕದ ಸಾಲುಗಳು ವಾಪಸು ಬಂದವು. ಆಗಸ್ಟ್ 4ರಿಂದ ಡಿಸೆಂಬರ್ 31ರ ತನಕದ 1,050 ಸಾಲು ಹೋದವು. ಹೊಳೆ ನುಗ್ಗಿದ ಊರುಗಳು, ಕಾಳಜಿ ಕೇಂದ್ರದಲ್ಲಿದ್ದವರು, ತೇಲಿಹೋದ ದನಗಳು, ಪಟ್ಟಿಯಲ್ಲಿ ಹೆಸರು ಬಿಟ್ಟುಹೋದ ಮನೆಗಳು. ಅವುಗಳ ತೂಕ ಎಷ್ಟಿತ್ತು ಎಂದು ಆಮೇಲೆ ಲೆಕ್ಕ ಹಾಕಿದೆವು. ಎರಡು ಎಂಬಿಗೂ ಕಮ್ಮಿ.

ಉಳಿದದ್ದು ಫೋಟೊಗಳು. ಅವು ಬೇರೆ ಫೋಲ್ಡರಿನಲ್ಲಿದ್ದುದರಿಂದ ಅವಕ್ಕೆ ಏನೂ ಆಗಿರಲಿಲ್ಲ. ಆ ಆಗಸ್ಟಿನ 640 ಫೋಟೊ ಹಾಗೇ ಇದ್ದವು. ಆದರೆ ಪ್ರತಿಯೊಂದಕ್ಕೂ ಇದ್ದದ್ದು ಬರೀ ನಂಬರು. ಈ ನಂಬರಿನ ಫೋಟೊ ಯಾವ ಊರಿನದು, ಯಾರ ಮನೆಯದು ಎಂದು ಹೇಳುವ ಸಾಲು ಡೇಟಾಬೇಸಿನಲ್ಲಿತ್ತು. ಆ ಸಾಲು ಈಗಿಲ್ಲ. 640 ಬಿದ್ದ ಗೋಡೆಗಳು. ನಮ್ಮ ಕಣ್ಣಿಗೆ ಎಲ್ಲವೂ ಒಂದೇ ಥರ.

ಅಜ್ಜನಿಗೆ ಇದ್ದದ್ದನ್ನು ಇದ್ದ ಹಾಗೆ ಹೇಳಿದೆವು. ಸುಳ್ಳು ಹೇಳಲು ಬಾಯಿ ಬರಲಿಲ್ಲ. ಅವರು ಸ್ವಲ್ಪ ಹೊತ್ತು ಚಹಾದ ಲೋಟವನ್ನೇ ನೋಡಿ, "ಹೋಗ್ಲಿ ಬಿಡ್ರಿ ತಮ್ಮಾ, ಗ್ವಾಡಿನ ಬಿದ್ದೈತಿ, ಬರದದ್ದು ಬಿದ್ರ ಏನು" ಅಂದರು. ಬೈದಿದ್ದರೆ ಎಷ್ಟೋ ಚಲೋ ಇತ್ತು.

"ಅಜ್ಜಾರ, ಫೋಟೊ ನೋಡ್ತೀರೇನು?" ಎಂದು ಕೇಳಿದೆವು. ಅಂಗಡಿಯ ಕಂಪ್ಯೂಟರಿನ ಮುಂದೆ ಕೂರಿಸಿ ಒಂದೊಂದಾಗಿ ತೋರಿಸಿದೆವು. ಕನ್ನಡಕ ಮೇಲೆತ್ತಿ, ಇಳಿಸಿ ನೋಡುತ್ತಾ ಹೋದರು. ಬೇರೆಯವರ ಮನೆ ಕಂಡಾಗ ಹೆಸರು ಹೇಳುತ್ತಿದ್ದರು. ನಾವು ಬರೆದುಕೊಳ್ಳುತ್ತಾ ಹೋದೆವು. ಇನ್ನೂರರ ಆಸುಪಾಸಿನಲ್ಲಿ ಒಂದು ಫೋಟೊದ ಮೇಲೆ ಬೆರಳಿಟ್ಟು ನಿಲ್ಲಿಸಿದರು. ಕುಸಿದ ಮಣ್ಣಿನ ಗುಡ್ಡೆ, ಪಕ್ಕದಲ್ಲಿ ಮೊಣಕಾಲೆತ್ತರ ಉಳಿದ ಗೋಡೆ, ಅದರಲ್ಲಿ ಅರ್ಧ ಒಡೆದ ಒಂದು ಗೂಡು.

"ಇದ ನೋಡ್ರಿ. ನಮ್ಮಾಕಿ ದೀಪಾ ಇಡತಿದ್ದ ಗೂಡು."

ಫೋಟೊ ನಮ್ಮದೇ ಫೋನಿನಲ್ಲಿ ತೆಗೆದದ್ದಾದ್ದರಿಂದ ಫೈಲಿನೊಳಗೆ ತಾರೀಖು, ಗಂಟೆ ಉಳಿದಿದ್ದವು. ಪ್ರಿಂಟ್ ತೆಗೆದು, ಹಿಂದುಗಡೆ ತಾರೀಖು ಬರೆದು, ಅರ್ಜಿಗೆ ಲಗತ್ತಿಸಿ, ಜೊತೆಗೆ ಹೋಗಿ ಕಚೇರಿಗೆ ಕೊಟ್ಟು ಬಂದೆವು. ಅರ್ಜಿಯ ಮೇಲೆ ಇನ್‌ವರ್ಡ್ ನಂಬರು ಬಿತ್ತು. ಅದರಾಚೆ ಇವತ್ತಿನ ತನಕ ಏನೂ ಆಗಿಲ್ಲ. ಅಜ್ಜ ಸಂತೆಗೆ ಬಂದಾಗಲೆಲ್ಲ ಕಟ್ಟೆ ಮೇಲೆ ಕೂತು ಹೋಗುತ್ತಾರೆ.

ನಿಮ್ಮ ಫೋನಿನಲ್ಲಿ

ನಮಗೆ ಡೇಟಾಬೇಸ್ ಯಾಕೆ ಎನ್ನಬೇಡಿ. ನಿಮ್ಮ ವಾಟ್ಸಾಪಿನ ಮಾತುಗಳು ಫೋನಿನೊಳಗೆ ಒಂದು ಚಿಕ್ಕ ಡೇಟಾಬೇಸಿನಲ್ಲೇ ಕೂತಿವೆ. ಫೋಟೊ, ವಿಡಿಯೊ ಬೇರೆ ಫೋಲ್ಡರಿನಲ್ಲಿರುತ್ತವೆ. 'ಸ್ಟೋರೇಜ್ ಫುಲ್' ಎಂದು ಬಂದಾಗ ಬಹಳ ಜನ ಹಳೆಯ ಚಾಟನ್ನೇ ಅಳಿಸುತ್ತಾರೆ. ಮಗಳು ಹಾಸ್ಟೆಲಿನಿಂದ ಕಳಿಸಿದ ಮಾತು, ಬೀಜದ ಅಂಗಡಿಯವನು ಬರೆದ ರೇಟು ಎಲ್ಲ ಹೋಗುತ್ತದೆ. ಸಿಗುವ ಜಾಗ ಅಷ್ಟಕ್ಕಷ್ಟೆ.

ಮೊದಲು ತೂಕ ನೋಡಿ. ವಾಟ್ಸಾಪಿನ ಸೆಟ್ಟಿಂಗ್ಸ್‌ನಲ್ಲಿ 'ಸ್ಟೋರೇಜ್ ಅಂಡ್ ಡೇಟಾ', ಅದರೊಳಗೆ 'ಮ್ಯಾನೇಜ್ ಸ್ಟೋರೇಜ್'. ಯಾವ ಗುಂಪು ಎಷ್ಟು ತಿಂದಿದೆ ಎಂದು ದೊಡ್ಡದರಿಂದ ಸಣ್ಣದಕ್ಕೆ ಅಲ್ಲಿ ತೋರಿಸುತ್ತದೆ. ಶುಭೋದಯದ ಚಿತ್ರ, ಯಾರದೋ ಭಾಷಣದ ವಿಡಿಯೊ ಮೇಲೇ ಇರುತ್ತವೆ. ಅವನ್ನು ತೆಗೆಯಿರಿ. ಮಾತುಗಳನ್ನು ಬಿಡಿ, ಅವು ಹಗುರ.

ಇನ್ನೊಂದು. ಆಂಡ್ರಾಯ್ಡ್ ಫೋನಿನ ಸೆಟ್ಟಿಂಗ್ಸ್‌ನಲ್ಲಿ ಯಾವುದೇ ಆ್ಯಪ್‌ನ ಸ್ಟೋರೇಜ್ ತೆರೆದರೆ ಎರಡು ಬಟನ್ ಇರುತ್ತವೆ. 'ಕ್ಲಿಯರ್ ಕ್ಯಾಶ್' ಒತ್ತಿದರೆ ಆ್ಯಪ್ ತಾತ್ಕಾಲಿಕವಾಗಿ ಇಟ್ಟುಕೊಂಡದ್ದು ಮಾತ್ರ ಹೋಗುತ್ತದೆ. 'ಕ್ಲಿಯರ್ ಡೇಟಾ' ಅಥವಾ 'ಕ್ಲಿಯರ್ ಸ್ಟೋರೇಜ್' ಒತ್ತಿದರೆ ಆ ಆ್ಯಪ್ ಫೋನಿನಲ್ಲಿ ಬರೆದಿಟ್ಟುಕೊಂಡ ಡೇಟಾಬೇಸೇ ಹೋಗುತ್ತದೆ. ಸಂಘದ ಲೆಕ್ಕ, ಹಾಲಿನ ಲೆಕ್ಕ ಬರೆಯುವ ಆ್ಯಪ್‌ಗೆ ಇದನ್ನು ಒತ್ತಬೇಡಿ. ಮೊದಲನೆಯದು ಕಸ ಗುಡಿಸಿದ ಹಾಗೆ, ಎರಡನೆಯದು ಮನೆಯನ್ನೇ ಖಾಲಿ ಮಾಡಿದ ಹಾಗೆ.

ಈಗ ನಾವು ಮಾಡುವುದು

ತಿಂಗಳ ಮೊದಲ ಸೋಮವಾರ ಟೇಬಲ್‌ಗಳ ತೂಕ ನೋಡಿ ಒಂದು ಹಾಳೆಯಲ್ಲಿ ಬರೆಯುತ್ತೇವೆ. ಒಂದೇ ದಿನದ ಅಂಕಿಯಿಂದ ಏನೂ ತಿಳಿಯುವುದಿಲ್ಲ. ಹೋದ ತಿಂಗಳಿಗಿಂತ ಯಾವುದು ಹೆಚ್ಚು ಬೆಳೆಯಿತು ಎಂಬುದರಿಂದ ತಿಳಿಯುತ್ತದೆ. ಲಾಗ್ 30 ದಿನಕ್ಕಿಂತ ಹಳೆಯದಾದರೆ ತಾನೇ ಅಳಿಯುವ ಹಾಗೆ ಮಾಡಿದ್ದೇವೆ. ಬ್ಯಾಕಪ್ ಎರಡು ಕಡೆ ಇದೆ, ಯಾರ ಬಳಿ, ಯಾವ ತಾರೀಖಿನದು ಎಂದು ಅದೇ ಹಾಳೆಯಲ್ಲಿ ಬರೆದಿರುತ್ತದೆ. ಮೂರು ತಿಂಗಳಿಗೊಮ್ಮೆ ಆ ಬ್ಯಾಕಪ್ಪನ್ನು ಬೇರೆ ಕಂಪ್ಯೂಟರಿಗೆ ಹಾಕಿ ತೆರೆದು ನೋಡುತ್ತೇವೆ. ಜನರು ಹೇಳಿದ ಮಾತನ್ನು ಜಾಗಕ್ಕಾಗಿ ಅಳಿಸುವುದಿಲ್ಲ ಎಂದು ಐವರೂ ಆ ಹಾಳೆಯ ತಲೆಯಲ್ಲಿ ಸಹಿ ಹಾಕಿದ್ದೇವೆ. ಈ ತಿಂಗಳ ತೂಕ 64 ಎಂಬಿ.

ಹೋದ 1,050 ಸಾಲಿನಲ್ಲಿ ನೋಟ್‌ಬುಕ್, ಹಳೆಯ ಪತ್ರಿಕೆ, ಫೋಟೊ ನೋಡಿ 412 ಸಾಲು ಮತ್ತೆ ಬರೆದಿದ್ದೇವೆ. ಮತ್ತೆ ಬರೆದದ್ದು ಎಂದು ಅವುಗಳ ಮುಂದೆ ಗುರುತೂ ಹಾಕಿದ್ದೇವೆ. ಅಜ್ಜನ ಗೋಡೆಯ ಸಾಲು ಅದರಲ್ಲಿದೆ. ಇನ್ನೂ 638 ಉಳಿದಿವೆ.

2019ರ ಆಗಸ್ಟ್‌ನಿಂದ ಡಿಸೆಂಬರ್ ತನಕ ನೀವು ನಮ್ಮಲ್ಲಿ ಯಾರಿಗಾದರೂ ಏನಾದರೂ ಹೇಳಿದ್ದರೆ, ನಾವು ನಿಮ್ಮ ಮನೆಗೆ ಬಂದು ಬರೆದುಕೊಂಡಿದ್ದರೆ, ದಯಮಾಡಿ ಇನ್ನೊಮ್ಮೆ ಹೇಳಿ. ಎಷ್ಟು ಉದ್ದ ಇದ್ದರೂ ಹೇಳಿ. ಜಾಗ ಇದೆ.